ದೈವದ ಗುಂಡಿಯ ಮೀನು

...ಓದುತ್ತೇನೆ, ಓದುತ್ತೇನೆ, ಸ್ವಲ್ಪ ತಡೆ. ಕನ್ನಡಕ ಎಲ್ಲಿ ಹೋಯಿತು... ಹಾಂ. ಕೇಳು. ‘ಸಾವಿರದ ಒಂಬೈನೂರ ಐವತ್ತೇಳು, ಏಪ್ರಿಲ್ ಹದಿನಾರು, ಮಂಗಳವಾರ. ಬೆಳಿಗ್ಗೆ ಮೋಡ, ಮಳೆ ಇಲ್ಲ. ಕೆಂಪು ದನ ಕರು ಹಾಕಿತು, ಹೆಣ್ಣು. ಮಧ್ಯಾಹ್ನ ಎರಡೂಕಾಲಕ್ಕೆ ಹೊಳೆಯ ದೈವದ ಗುಂಡಿಯಲ್ಲಿ ಸಿಡಿಮದ್ದಿನ ತೋಟೆ ಒಡೆದ ಶಬ್ದ. ಮೀನು ಹಿಡಿಯಲು ಹೋದ ತ್ಯಾಂಪಣ್ಣನ ಬಲಗೈಯ ಮೂರು ಬೆರಳು ತೋಟೆಯಿಂದ ಹೋಯಿತು.’ ಅಷ್ಟೇ. ಮತ್ತೆ ಕೆಳಗೆ ಏನೂ ಇಲ್ಲ.

ಕುಳಿತುಕೋ ಸುಂದರಿ. ಎಷ್ಟು ಹೊತ್ತು ಹಾಗೆ ಕಂಬ ಹಿಡಿದು ನಿಲ್ಲುದು? ಬೇಡವಾ? ಸರಿ, ನಿಲ್ಲು.

ನೀನು ಎಂತಕ್ಕೆ ಬಂದದ್ದು ಅಂತ ನನಗೆ ಗೊತ್ತುಂಟು. ನಿನ್ನ ಮಗಳು ಸೀತುವಿನ ಮದುವೆಯ ಸಂಬಂಧ ಅಲ್ಲವಾ? ದೈವದ ಮೀನು ಕೊಂದವನ ಮಗಳು ನಮಗೆ ಬೇಡ ಅಂತ ಕೊಲ್ಲಮೊಗ್ರಿನ ಹುಡುಗನ ಕಡೆಯವರು ಹೇಳಿದರಂತೆ. ನಿನ್ನ ಗಂಡ ತ್ಯಾಂಪಣ್ಣ ಹೊಟ್ಟೆಗಾಗಿ ಹೋದದ್ದಲ್ಲ, ಯಾರೋ ಕಳಿಸಿ ಹೋದದ್ದು ಅಂತ ಈ ಮನೆಯಿಂದ ಒಂದು ಕಾಗದ ಸಿಕ್ಕಿದರೆ ಒಪ್ಪುತ್ತಾರಂತೆ. ದುಗ್ಗಪ್ಪ ಮೊನ್ನೆ ನನ್ನ ಹತ್ತಿರ ಹೇಳಿದ. ದೈವದ ಕೆಲಸ ನೋಡಿಕೊಳ್ಳುವವನು, ಅವನೇ ಬಾಯಿ ಬಿಟ್ಟು ಹೇಳಿದ ಮೇಲೆ... ಆದರೆ ನಾನು ಹೇಗೆ ಬರೆಯುದು, ನೀನೇ ಹೇಳು. ಮೂವತ್ತು ವರ್ಷದಿಂದ ದಿನಚರಿ ಬರೆಯುವವಳು ನಾನು. ಮಂಗಳೂರಿನಲ್ಲಿ ಬಿ.ಎ. ಮಾಡಿದವಳು. ಮಳೆ ಎಷ್ಟು ಇಂಚು ಅಂತ ಅಮಲ್ದಾರರು ನನ್ನ ಹತ್ತಿರ ಕೇಳಿಕೊಂಡು ಹೋಗುದು. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೆಯಲಾ? ಈ ಮೂಕಾಂಬಿಕೆಯ ಕೈ ಹಾಗೆ ಬರೆಯುವುದಿಲ್ಲ.

ಬೇರೆ ಏನು ಬೇಕು ಕೇಳು. ಮದುವೆಯ ಸೀರೆ ನಾನು ತೆಗೆದುಕೊಡುತ್ತೇನೆ. ಅಕ್ಕಿ, ಬೆಲ್ಲ, ಚಪ್ಪರ ಎಲ್ಲ ನಮ್ಮದು. ಕೊಲ್ಲಮೊಗ್ರಿನವ ಅಲ್ಲದಿದ್ದರೆ ಪೆರಾಬೆಯಲ್ಲಿ ಹುಡುಗ ಇಲ್ಲವಾ?

ಯಾಕೆ ಆ ಕಪಾಟನ್ನೇ ನೋಡುತ್ತೀ? ಪ್ರತಿ ಶನಿವಾರ ನೀನೇ ಧೂಳು ಒರೆಸುವ ಕಪಾಟು. ಅದರೊಳಗೆ ಇರುವುದು ಎಂತ ಅಂತ ಒಂದು ದಿನ ಆದರೂ ಕೇಳಿದ್ದೀಯಾ? ಕೇಳು ಈಗ. ಈ ಕೆಂಪು ರಟ್ಟಿನದ್ದು ನನ್ನ ಮೈದುನ ಶ್ರೀಕೃಷ್ಣನದ್ದು. ಸಿಡಿಲು ಯಾವ ಮರಕ್ಕೆ ಹೆಚ್ಚು ಹೊಡೆಯುತ್ತದೆ ಅಂತ ನಾಲ್ಕು ವರ್ಷ ಸತ್ತ ತೆಂಗು ಎಣಿಸಿಕೊಂಡು ತಿರುಗಿದ. ಊರವರು ತಲೆ ಕೆಟ್ಟಿದೆ ಅಂದರು. ವಿಶ್ವವಿದ್ಯಾಲಯದವರು ಡಾಕ್ಟರ್ ಅಂದರು. ಇದು ಅಳಿಯ ರಾಧಾಕೃಷ್ಣ ಬರೆದ ನಾಟಕ. ಚಿನ್ನದ ಪದಕ ಬಂದದ್ದು. ಕಡೆಯ ಅಂಕದಲ್ಲಿ ಎಲ್ಲರೂ ಸಾಯುತ್ತಾರೆ ಮಾರಾಯ್ತಿ, ಪರದೆ ಎಳೆಯುವವ ಒಬ್ಬ ಹೇಗೋ ಬದುಕಿದ! ... ನಗು ಬರಲಿಲ್ಲವಾ? ಮೊದಲೆಲ್ಲ ನಗುತ್ತಿದ್ದೆ ನೀನು.

ಇದು ನನ್ನ ಮಗಳು ಮನೋರಮನದ್ದು. ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುವ ಪಾಡ್ದನದ ಹಾಡುಗಳು. ಇದರಲ್ಲಿ ನೀನೂ ಇದ್ದೀ, ಗೊತ್ತುಂಟಾ? ಮೂರು ದಿನ ಈ ಜಗಲಿಯಲ್ಲಿ ಕುಳಿತು ಗಂಟಲು ಕಟ್ಟುವವರೆಗೆ ಹೇಳಿದ್ದೆಯಲ್ಲ, ಆ ಹಾಡು. ನಲುವತ್ತು ಪುಟ ಬಂದಿದೆ. ನಿನ್ನ ಹೆಸರು... ಹೆಸರು ಹಾಕಲಿಲ್ಲ. ‘ಒಬ್ಬ ಒಕ್ಕಲು ಹೆಂಗಸು’ ಅಂತ ಉಂಟು. ಅದೊಂದು ತಪ್ಪೇ, ನಾನು ಅವಳಿಗೆ ಹೇಳಿದ್ದೆ.

ಮತ್ತೆ ಇದು. ನನ್ನ ಮಗ ರಾಮಪ್ರಸಾದನದ್ದು. ನಮ್ಮ ಹೊಳೆಗಳ ಮೀನುಗಳ ಬಗ್ಗೆ, ಇಂಗ್ಲಿಷಿನಲ್ಲಿ. ಈಗ ಅಚ್ಚಾಗಿ ಬಂತು, ಇಪ್ಪತ್ತೆಂಟನೇ ತಾರೀಕು ಪುತ್ತೂರಿನಲ್ಲಿ ಅವನಿಗೆ ಸನ್ಮಾನ. ಮೀನು ಮೂಸಿ ನೋಡದ ಮನೆಯಿಂದ ಮೀನಿನ ಪುಸ್ತಕ ಅಂತ ಅಲ್ಲಿಯ ವಕೀಲರೆಲ್ಲ ನಗಾಡುತ್ತಾರೆ. ನಗಾಡಲಿ! ಇದು ನಾನು ಬರೆಯಬೇಕಾದ ಪುಸ್ತಕ, ಸುಂದರಿ. ಬಿ.ಎ. ಆದಾಗ ಪ್ರೊಫೆಸರರು ನನ್ನ ಅಪ್ಪಯ್ಯನಿಗೆ ಕಾಗದ ಬರೆದಿದ್ದರು, ಇವಳನ್ನು ಮುಂದೆ ಓದಿಸಿ, ಇವಳ ಕಣ್ಣು ಬೇರೆ ರೀತಿಯದ್ದು ಅಂತ. ಅಪ್ಪಯ್ಯ ಅದನ್ನು ಮಡಚಿ ಪಂಚಾಂಗದೊಳಗೆ ಇಟ್ಟರು, ಎದುರು ಪುಟದಲ್ಲಿ ನನ್ನ ಮದುವೆಗೆ ಮುಹೂರ್ತ ನೋಡಿದರು.

ಎಂತ ಅದು, ಚೀಟಿಯಾ? ಸೀತು ಬರೆದದ್ದಾ? ಕೊಡು.

‘ಎಂಬತ್ತಮೂರನೇ ಪುಟ.’ ಹೂಂ... ಸೀತುವಿಗೆ ಪುಸ್ತಕ ಕೊಟ್ಟವಳು ನಾನೇ. ಎಸ್.ಎಸ್.ಎಲ್.ಸಿ. ಪಾಸಾದಳು, ಚಿತ್ರ ಆದರೂ ನೋಡಲಿ ಅಂತ ಕೊಟ್ಟದ್ದು. ಇಂಗ್ಲಿಷಿನದ್ದನ್ನು ಓದುತ್ತಾಳೆ ಅಂತ... ಎಂಬತ್ತಮೂರು. ‘ಹೆಣ್ಣು ಮೀನು. ಉದ್ದ ಮೂವತ್ತೆಂಟು ಇಂಚು. ಹಿಡಿದ ದಿನ ಏಪ್ರಿಲ್ ಹದಿನಾರು, ಐವತ್ತೇಳು. ತಂದುಕೊಟ್ಟವರು, ಲೇಖಕರ ತಾಯಿ.’

...

ಆ ಮೀನು ಹಾಕಿಟ್ಟ ದೊಡ್ಡ ಜಾಡಿಗೆ ಚೀಟಿ ಅಂಟಿಸಿದವಳು ನಾನೇ. ತಾರೀಕು ಇಲ್ಲದ ಮೀನು ಬರೀ ಮೀನು, ತಾರೀಕು ಇದ್ದರೆ ಮಾತ್ರ ಅದು ಶಾಸ್ತ್ರ. ಮಗನಿಗೆ ಹಾಗೆ ಕಲಿಸಿದವಳೂ ನಾನೇ. ಅವನು ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ. ಪಾಪ, ಅವನಿಗೆ ಏನೂ ಗೊತ್ತಿಲ್ಲ.

ಹಾಗೆ ನೋಡಬೇಡ ನನ್ನನ್ನು! ಹೌದು. ನಾನೇ ಹೇಳಿದ್ದು. ಹೊಸ ವರ್ಷದ ಬಿಸುವಿನ ದಿನ ನಿನ್ನ ಗಂಡ ಬಂದನಲ್ಲ, ಸೌತೆಕಾಯಿ, ಹಲಸಿನಕಾಯಿ ಕಾಣಿಕೆ ಹೊತ್ತುಕೊಂಡು. ಇಲ್ಲೇ ಅಂಗಳದಲ್ಲಿ ಇಳಿಸಿ ಕೈ ಮುಗಿದ. ಇದೆಲ್ಲ ಬೇಡ ತ್ಯಾಂಪಣ್ಣ, ಈ ಬಿಸುವಿಗೆ ನನಗೆ ಗುಂಡಿಯ ಒಂದು ದೊಡ್ಡ ಮೀನು ತಂದುಕೊಡು ಅಂದೆ. ಬಿಸುವಿನ ದಿನ ಧಣಿಗಳ ಮನೆಯವರು ಕೇಳಿದ್ದಕ್ಕೆ ಒಕ್ಕಲಿನವ ಇಲ್ಲ ಅನ್ನುವ ಕ್ರಮ ಉಂಟಾ? ಗೊತ್ತಿದ್ದೇ ಅವತ್ತು ಕೇಳಿದೆ. ಅವನ ಮುಖ ಬೆಳ್ಳಗಾಯಿತು. ‘ಅದು ದೈವದ್ದು, ಅಮ್ಮಾ’ ಅಂದ. ದೈವಕ್ಕೆ ಐವತ್ತು ಉಂಟು, ನನ್ನ ಮಗನಿಗೆ ಒಂದು ಬೇಡವಾ ಅಂದೆ.

ತೋಟೆ? ತೋಟೆ ಅವನೇ... ನಾನು ಬಲೆ ಹಾಕು ಅಂದದ್ದು, ಅವನೇ ಎಲ್ಲಿಂದಲೋ...

ಸರಿ ಮಾರಾಯ್ತಿ, ಸರಿ! ಬಾವಿಯ ಕಲ್ಲು ಒಡೆಯಲಿಕ್ಕೆ ತಂದದ್ದರಲ್ಲಿ ಎರಡು ಉಳಿದಿತ್ತು. ನಾನೇ ಕೊಟ್ಟೆ. ಬಂಡೆಯ ಅಡಿಯಲ್ಲಿ ಇರುವ ಮೀನು, ಬಲೆಗೆ ಬರುವುದಿಲ್ಲ ಅಂತ ಅವನು ಹೇಳಿದ್ದಕ್ಕೆ ಕೊಟ್ಟೆ. ಒಂದೇ ಮೀನು ಸಾಯುತ್ತದೆ ಅಂತ ಗ್ರಹಿಸಿದ್ದೆ. ಬಿ.ಎ. ಓದಿದವಳು! ನೀರಿನೊಳಗೆ ಶಬ್ದ ಹೇಗೆ ಹೋಗುತ್ತದೆ ಅಂತ ಓದಿದವಳು! ಗುಂಡಿಗೆ ಗುಂಡಿಯೇ ಮೇಲೆ ಬಂತು. ಹೊಟ್ಟೆ ಮೇಲೆ, ಬೆಳ್ಳಗೆ, ಬೆಳ್ಳಗೆ. ಕೆಲವು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕಣ್ಣು ಹೊರಗೆ ಬಂದಿತ್ತು. ನೀರು ಕೆಂಪಾಗಲಿಲ್ಲ, ಬರೀ ಕದಡಿತು...

ಹೌದು, ನಾನು ಅಲ್ಲಿ ಇದ್ದೆ. ಮನೆಯಲ್ಲಿ ಕುಳಿತು ಶಬ್ದ ಕೇಳಿದ ಹಾಗೆ ಬರೆದೆ, ನಿಜ. ಇದ್ದೆ. ಅಳತೆ ತೆಗೆಯಲಿಕ್ಕೆ ಬಟ್ಟೆ ಅಳೆಯುವ ಟೇಪು ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋಗಿದ್ದೆ. ಅವನು ಆ ದೊಡ್ಡದನ್ನು ಎಳೆದು ನನ್ನ ಹೆಡಗೆಗೆ ಹಾಕಿದ, ಮೇಲೆ ಸೊಪ್ಪು ಮುಚ್ಚಿದ. ‘ನೀವು ಹೋಗಿ ಅಮ್ಮಾ, ಜನ ಬರುತ್ತಾರೆ’ ಅಂದ. ಹೋಗುವಷ್ಟರಲ್ಲಿ ಬಂದೇ ಬಿಟ್ಟರು. ಗದ್ದೆಯಲ್ಲಿ ಇದ್ದವರು, ಹಟ್ಟಿಯಲ್ಲಿ ಇದ್ದವರು, ದೊಣ್ಣೆ ಹಿಡಿದವರು, ಹಾರೆ ಹಿಡಿದವರು. ನಾನು ದಿಣ್ಣೆಯ ಮೇಲೆ, ಹೆಡಗೆ ಕಾಲಬುಡದಲ್ಲಿ. ನನ್ನನ್ನು ಯಾರು ಕೇಳುತ್ತಾರೆ? ಮೀನು ಮುಟ್ಟದ ಜಾತಿಯ ಹೆಂಗಸು. ಸೊಪ್ಪು ಕೊಯ್ಯಲು ಬಂದಿದ್ದಾರೆ ಅಂದುಕೊಂಡರು.

ಹೊಡೆದರು. ಬೆನ್ನಿಗೆ, ಬಾಯಿಗೆ, ಮೊಣಕಾಲಿಗೆ. ಅವನು ಮಗುಚಿ ಬಿದ್ದ. ಯಾರು ಕಳಿಸಿದ್ದು ಹೇಳು, ಹೇಳು ಅಂತ ಒದ್ದರು. ಅವನು ಬಾಯಿ ಬಿಡಲಿಲ್ಲ. ಹಲ್ಲು ಉಗಿದ, ಹೆಸರು ಉಗಿಯಲಿಲ್ಲ. ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದ. ಸುಮ್ಮನೆ ನೋಡಿದ, ಅಷ್ಟೇ.

ತೋಟೆ ಒಡೆದಾಗಲೇ ಬೆರಳು ಹೋಗಿತ್ತು, ಅದನ್ನು ಮಾತ್ರ ನಾನು...

ಸುಂದರಿ?

ಮಾತಾಡು. ಏನಾದರೂ ಹೇಳು, ಬೈದಾದರೂ ಬೈ. ಆ ಕಂಬ ಬಿಟ್ಟು ಈಚೆ ಬಾ... ಅವನು ನಿನಗೆ ಹೇಳಿದ್ದಾನಾ? ಹೋದ ಆಟಿ ತಿಂಗಳಲ್ಲಿ ಸಾಯುವಾಗ ಹೇಳಿದ್ದಾ? ಅಲ್ಲವಾ? ... ಅವತ್ತೇ? ಅವತ್ತೇ ಹೇಳಿದ್ದಾನಾ? ಅಂದರೆ ಒಂಬತ್ತು ವರ್ಷದಿಂದ ನಿನಗೆ... ಒಂಬತ್ತು ವರ್ಷ ನನ್ನ ಅಂಗಳ ಗುಡಿಸಿದ್ದೀ. ಮನೋರಮನಿಗೆ ಹಾಡು ಹೇಳಿಕೊಟ್ಟಿದ್ದೀ. ಆ ಕಪಾಟಿನ ಧೂಳು ಒರೆಸಿದ್ದೀ!

ಹಾಗಾದರೆ ಕೇಳು. ತೋಟೆಯಿಂದ ಅವನ ಕೈಗೆ ಒಂದು ಗೀರೂ ಆಗಿರಲಿಲ್ಲ. ಹೊಡೆತ ನಿಲ್ಲುವುದರಲ್ಲಿತ್ತು. ಸಾಕು, ಸಾಯುತ್ತಾನೆ ಅಂತ ದುಗ್ಗಪ್ಪನೇ ಕೈ ಅಡ್ಡ ಹಿಡಿದ. ಆಗ ಹೆಡಗೆಯೊಳಗೆ ಮೀನು ಅಲ್ಲಾಡಿತು. ಜೀವ ಇತ್ತು ಅದಕ್ಕೆ! ಬಾಲ ನನ್ನ ಕಾಲಿಗೆ ಫಟ್ ಅಂತ ಹೊಡೆಯಿತು. ಸೊಪ್ಪು ಜಾರಿತು. ದುಗ್ಗಪ್ಪ ತಿರುಗಿದ. ನಾನು ಹಿಮ್ಮಡಿಯಿಂದ ಅದರ ತಲೆ ಒತ್ತಿ ಹಿಡಿದೆ, ಎಲುಬು ಮುರಿಯುವುದು ಕಾಲಿಗೆ ಗೊತ್ತಾಯಿತು. ಒತ್ತಿಕೊಂಡೇ ಕೂಗಿದೆ. ಎಂತ ನೋಡುತ್ತೀರಿ ಇಲ್ಲಿ? ದೈವದ ಮೀನು ಮುಟ್ಟಿದ ಕೈಯನ್ನು ಹಾಗೆಯೇ ಬಿಡುತ್ತೀರಾ?

ನಾನೇ. ನನ್ನ ಸ್ವರವೇ.

ಅವನ ಬಲಗೈಯನ್ನು ಕಲ್ಲಿನ ಮೇಲೆ ಇಟ್ಟರು. ಹಾರೆಯ ಹಿಂಬದಿಯಿಂದ. ಮೂರು ಪೆಟ್ಟು. ನಾನು ಅಲ್ಲಿ ನಿಲ್ಲಲಿಲ್ಲ, ಹೆಡಗೆ ಎತ್ತಿಕೊಂಡು ಬಂದೆ. ಹಟ್ಟಿಯಲ್ಲಿ ಅಳತೆ ತೆಗೆದೆ. ಮೂವತ್ತೆಂಟು ಇಂಚು ಅಂತ ಬರೆದೆ ಸುಂದರಿ. ಅಕ್ಷರ ನೋಡು ಬೇಕಾದರೆ, ಎಷ್ಟು ಚಂದ ಉಂಟು. ಅದಾದ ಮೇಲೆ ಗಾಡಿ ಕಟ್ಟಿಸಿ ಅವನನ್ನು ಪುತ್ತೂರಿಗೆ ಕಳಿಸಿದೆ. ಎಂಥ ಧರ್ಮಾತ್ಮೆ ಅಂದರು ಊರವರು.

ಎಲ್ಲಿ, ಕಾಗದ ಕೊಡು. ಬರೆಯುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ, ಹೆಡಗೆಯ ಸಮೇತ. ಸನ್ಮಾನ ಹಾಳಾದರೆ ಹಾಳಾಗಲಿ. ಕೊಲ್ಲಮೊಗ್ರಿಗೆ ಇವತ್ತು ಸಂಜೆಯ ಬಸ್ಸಿನಲ್ಲೇ... ತಕ್ಕೋ, ನನ್ನ ಸಹಿ ಹಾಕಿದ್ದೇನೆ. ತಕ್ಕೋ. ಯಾಕೆ ಕೈ ಚಾಚುವುದಿಲ್ಲ?

ಎಂತ, ತಡವಾಯಿತಾ? ... ಆ ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಯಿತಾ? ಯಾವಾಗ? ನಿನ್ನೆಯೇ?

ಮತ್ತೆ ಇವತ್ತು ಯಾಕೆ ಬಂದೆ ನೀನು? ಕಾಗದ ಬೇಡದಿದ್ದರೆ ಎಂತಕ್ಕೆ ಬಂದು ಇಷ್ಟು ಹೊತ್ತು...

ಓ.

ನನ್ನ ಬಾಯಿಯಿಂದ ಕೇಳಲಿಕ್ಕೆ.

ಕೇಳಿ ಆಯಿತಲ್ಲ. ಹೋಗುತ್ತೀಯಾ? ನಾಳೆಯಿಂದ ಬರುವುದಿಲ್ಲವಾ? ... ಗೊತ್ತಾಯಿತು. ಒಂದು ನಿಮಿಷ ನಿಲ್ಲು, ಒಟ್ಟು ಎಷ್ಟು ಹೋಯಿತು ಅಂತ ಒಮ್ಮೆ ಸರಿಯಾಗಿ ಹೇಳಿ ಬಿಡುತ್ತೇನೆ. ಗುಂಡಿಯಲ್ಲಿ ಐವತ್ತಮೂರು ಮೀನು ಸತ್ತಿತು. ಮೂರು ವರ್ಷ ಅಲ್ಲಿ ಒಂದು ಮರಿಯೂ ಕಾಣಲಿಲ್ಲ. ತ್ಯಾಂಪಣ್ಣನ ನಾಲ್ಕು ಹಲ್ಲು, ಮೂರು ಬೆರಳು. ಇಪ್ಪತ್ತಾರು ದಿನ ಆಸ್ಪತ್ರೆ. ಮತ್ತೆ ಅವನು ಮರ ಹತ್ತಲಿಲ್ಲ. ಸಾಯುವವರೆಗೆ ದೈವದ ಊಟಕ್ಕೆ ಅವನಿಗೆ ಎಲೆ ಹಾಕಲಿಲ್ಲ, ನಿನಗೂ ಇಲ್ಲ, ಸೀತುವಿಗೂ ಇಲ್ಲ. ಈಗ ಸೀತುವಿನ ಮದುವೆ. ಇಷ್ಟಕ್ಕೆ ರಾಮಪ್ರಸಾದನ ಪುಸ್ತಕದಲ್ಲಿ ಬಂದದ್ದು ಒಂದೂವರೆ ಪುಟ.