ಬಾವುಟಕ್ಕೆ ಮುಂಚೆ ಕೊಯ್ದವರು

ವೇದಿಕೆ ಮೇಲಿರೋ ಪಾಸ್ಟರಯ್ಯನವರೇ, ಇವತ್ತು ಚರ್ಚ್ ಸಭೆಯ ಹಿರಿಯರ ಸ್ಥಾನದಿಂದ ನಿವೃತ್ತಿ ಆಗ್ತಿರೋ ಚೂ ಬ್ಯೊಂಗ್‌ಮಾನ್ ತಾತನವರೇ, ಮುಂದಿನ ಸಾಲಲ್ಲಿರೋ ದೋಣಿ ಯಜಮಾನ್ರು ಮೊ ಗಿಲ್‌ಸು ಅವರೇ, ಬಾಗಿಲ ಹತ್ರ ನಿಂತಿರೋ ನಮ್ಮಮ್ಮನೂ ಸೇರಿ ಎಲ್ಲಾ ಸಭಿಕರೇ,

'ಯುವಕರ ಪರವಾಗಿ ಎರಡು ಮಾತಾಡು ದೂಹ್ಯೊನ್' ಅಂತ ಪಾಸ್ಟರು ಭಾಷಣ ಬರೆದು ಕೊಟ್ಟಿದ್ರು. ಸಮುದ್ರದಂಥ ಮನಸ್ಸು, ಬೆಟ್ಟದಂಥ ವ್ಯಕ್ತಿತ್ವ ಅಂತೆಲ್ಲ ಇದೆ. ನಾನು ಅರ್ಧಕ್ಕೇ ಸ್ಕೂಲ್ ಬಿಟ್ಟೋನು, ಅಷ್ಟು ದೊಡ್ಡ ಮಾತು ನನ್ನ ಬಾಯಲ್ಲಿ ನಿಲ್ಲಲ್ಲ. ನನ್ನ ಮಾತೇ ಆಡ್ತೀನಿ.

ಈ ತಾತ ಒಳ್ಳೆಯವರಾ? ಮೂರು ವರ್ಷದ ಹಿಂದೆ ಕೇಳಿದ್ರೆ ಉಗೀತಿದ್ದೆ. ಯಾಕೆ ಅಂತ ನಿಮಗೆ ಗೊತ್ತು. ಆದ್ರೂ ಹೇಳ್ತೀನಿ, ಮರೆಯೋದ್ರಲ್ಲಿ ನೀವು ಬಲು ಜಾಣರು.

ಕಡಲಸೊಪ್ಪು ಬೆಳೆಯೋ ಬಂಡೆ ಯಾರಪ್ಪನ ಸ್ವತ್ತೂ ಅಲ್ಲ. ಗುಡ್ಡದ ಮೇಲೆ ಕೆಂಪು ಬಾವುಟ ಏರಬೇಕು, ಆಮೇಲೇ ಎಲ್ರೂ ಒಟ್ಟಿಗೆ ಕುಡುಗೋಲು ಹಾಕ್ಬೇಕು. ಮುಂಚೆ ಕೊಯ್ದೋರಿಗೆ ಆ ವರ್ಷ ಪಾಲಿಲ್ಲ. ತೀರ್ಪು ಸಭೆ ಹಿರಿಯರದು, ಅಂದ್ರೆ ಈ ತಾತನದು. ನಮ್ಮಮ್ಮನ ಕಣ್ಣು ಸ್ವಲ್ಪ ಮಂಜು. ಗುಡ್ಡದ ಮೇಲೆ ಕೆಂಪಗೆ ಏನೋ ಕಂಡ್ತು, ಕೊಯ್ದೇಬಿಟ್ಲು. ಬಾವುಟ ಅಲ್ಲ ಅದು, ಅಲ್ಲೇ ಇರೋ ತಾತನ ಮನೆ ಗೋಡೆ ಮೇಲೆ ಅಜ್ಜಿ ಒಣಗಿಸಿದ್ದ ಕೆಂಪು ಕೌದಿ!

"ಪಾಪ, ಗಂಡ ಸತ್ತೋಳು, ಬಿಟ್ಬಿಡಿ ಹಿರಿಯರೇ" ಅಂದ್ರು ಎಲ್ಲ. ತಾತ ಒಪ್ಲಿಲ್ಲ. "ಬಡವ ಅಂತ ಮುಖದಾಕ್ಷಿಣ್ಯ ಬೇಡ, ದೊಡ್ಡವ ಅಂತಲೂ ಬೇಡ, ಹಾಗಂತ ದೇವರು ಮೋಶೆಗೆ ಹೇಳಿದಾನೆ. ಇವಳಿಗೆ ಪಾಲಿಲ್ಲ. ಕೌದಿ ನನ್ನ ಮನೇದು, ನನಗೂ ಪಾಲಿಲ್ಲ."

"ನನ್ನ ಕೌದಿ ಏನ್ ಪಾಪ ಮಾಡ್ತೋ ಮುದುಕಾ!" ಅಂತ ಅಜ್ಜಿ ಅಲ್ಲೇ ಕೂಗಿದ್ರು.

ನಗ್ತೀರಿ. ನನಗೆ ನಗು ಬರ್ಲಿಲ್ಲ. ಆ ತಿಂಗಳೇ ನಮ್ಮಕ್ಕ ಹೆತ್ತಿದ್ಲು. ಬಾಣಂತಿಗೆ ಕಡಲಸೊಪ್ಪಿನ ಸಾರಿಲ್ಲದ ಮನೆ ಈ ದ್ವೀಪದಲ್ಲಿ ಇರುತ್ತಾ? ಅಮ್ಮ ಬೋಗುಣಿ ಹಿಡ್ಕೊಂಡು ಮನೆಮನೆ ತಿರುಗಿದ್ಲು. ಇದೇನಾ ದೇವರ ನ್ಯಾಯ ಅಂತ ನಾನು ಒಂದಷ್ಟು ಕಾಲ ಚರ್ಚಿನ ಕಡೆ ತಲೆ ಹಾಕೋದೇ ಬಿಟ್ಟಿದ್ದೆ.

ಈಗ ಈ ವಸಂತಕ್ಕೆ ಬನ್ನಿ. ತಾತ ಆಸ್ಪತ್ರೇಲಿದ್ರು. ಬಾವುಟ ಏರೋಕೆ ಮುಂಚೆ ಒಂದು ದೋಣಿ ಬಂಡೆಗೆ ಹೋಯ್ತು, ಸೊಪ್ಪು ತುಂಬ್ಕೊಂಡು ಬಂತು. ಯಾರ ದೋಣಿ? ನಾನು ದುಡಿಯೋ ದೋಣಿ. ಮೊ ಯಜಮಾನ್ರ ದೋಣಿ. ನನ್ನನ್ನೂ ಕರೆದ್ರು, ನಾನು ಹತ್ತಲಿಲ್ಲ. ಊರಿಗೂರೇ ನೋಡ್ತು. ಯಾರಾದ್ರೂ ಬಾಯಿ ಬಿಟ್ರಾ? "ಚರ್ಚಿಗೆ ಹೊಸ ಸೂರು ಹಾಕ್ಸಿದೋರಪ್ಪ, ಸುಮ್ನಿರು" ಅಂದ್ರಿ. ಇವತ್ತು ಈ ಸಭೆ ಮುಗೀತಿದ್ದ ಹಾಗೇ ತಾತನ ಜಾಗಕ್ಕೆ ಅವರನ್ನೇ ಕೂರಿಸೋಕೆ ಮತ ಹಾಕ್ತೀರಿ.

ಯೊನ್‌ಜು, ತಲೆ ತಗ್ಗಿಸ್ಬೇಡ. ನಿಮ್ಮಪ್ಪನ್ನ ನಾನು ಬೈತಿಲ್ಲ... ಇಲ್ಲ, ಬೈತಾನೇ ಇದೀನಿ. "ನಮ್ಮ ಮದುವೆ ಮಾತು ಮುಗಿಯೋ ತನಕ ಬಾಯಿ ಹಿಡ್ಕೊ ಮಾರಾಯಾ" ಅಂದಿದ್ದೆ ನೀನು. ಹಿಡ್ಕೊಂಡೇ ಇದ್ದೆ. ಅಯ್ಯೋ, ಇದು ಇಲ್ಲಿ ಹೇಳೋದಾಗಿರ್ಲಿಲ್ಲ. ಹೇಳಿಯಾಯ್ತು.

ಯಜಮಾನ್ರೇ, ಕೆಮ್ಮಬೇಡಿ. ನಾಳೆಯಿಂದ ದೋಣಿ ಹತ್ತಬೇಡ ಅಂತೀರಿ, ಗೊತ್ತು. ಹೋಗ್ಲಿ. ಅವತ್ತು ತಾತ ಕನಿಕರಪಟ್ಟು ನಮ್ಮಮ್ಮನ್ನ ಬಿಟ್ಟಿದ್ರೆ, 'ನಿಮ್ಮಮ್ಮನ್ನ ಬಿಟ್ರಲ್ಲ, ನನ್ನ ಬಿಡೋಕೇನು?' ಅಂತಿದ್ರಿ ನೀವು. ನಾನು ಬಾಲ ಮುದುರಿ ಕೂರ್ಬೇಕಿತ್ತು. ಇವತ್ತು ಎದೆ ಸೆಟೆಸಿ ನಿಂತಿದ್ರೆ ಅದು ಈ ತಾತ ಮಾಡಿದ ತೀರ್ಪಿಂದ.

ಮತ ಆಮೇಲೆ ಹಾಕಿ. ಶಾಲು ಇನ್ನೂ ಹೊದಿಸಿಲ್ಲ, ತಾತ ಇನ್ನೂ ಹಿರಿಯರೇ. ತಾತಾ, ಕುರ್ಚೀಲಿ ಕೂತೇ ಹೇಳಿ. ಮೊ ಯಜಮಾನ್ರಿಗೆ ಈ ವರ್ಷ ಪಾಲು ಇದೆಯಾ, ಇಲ್ವಾ? ಅವರ ಆಳು ಅಂತ ನನ್ನ ಪಾಲು ಹೋಗೋದಾದ್ರೆ ಅದೂ ಹೋಗ್ಲಿ.

ಎದ್ದು ಹೋಗದೆ ಕೇಳಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಮೈಕು ತಾತನ ಕೈಗೆ ಕೊಡ್ತಿದೀನಿ. ಯಾರೂ ಕಿತ್ಕೋಬೇಡಿ. ನಮಸ್ಕಾರ.