ಇನ್ನೊಂದೆರಡು ಬರೀರಿ ಮೇಷ್ಟ್ರೇ

ಏನಾದ್ರೂ ಬರೀರಿ ಮೇಷ್ಟ್ರೇ, ಏನಾದ್ರೂ! ತೆಂಗಿನ ನುಸಿರೋಗದ ಬಗ್ಗೆ ಬರೀರಿ, ಬೇಲೂರಿನ ಶಿಲಾಬಾಲಿಕೆಯರ ಬಗ್ಗೆ ಬರೀರಿ, ನಿಮ್ಮ ಜಾವಗಲ್ ಬಸ್ಸು ಒಂದಿನಾನೂ ಟೈಮಿಗೆ ಬರಲ್ಲ ಅಂತ ಬರೀರಿ... ಯಾಕೆ ನಗ್ತೀರಾ? ತಮಾಷೆ ಅಲ್ಲ ಕಣ್ರೀ. ಇಂಗ್ಲಿಷ್ ಪಾಠ ಮಾಡೋರು ನೀವು, ಕೈ ಇಟ್ರೆ ಪುಟ ತುಂಬುತ್ತೆ. ನೀವು ಬರೆದುಕೊಡಿ, ನಾನು ಟೈಪ್ ಮಾಡ್ತೀನಿ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅಲ್ಲಾಡುತ್ತೆ.

ಗೊತ್ತು, ಗೊತ್ತು, ನೀವು ಬರೆಯೋಕೆ ಬಂದಿಲ್ಲ. ಕಂಪ್ಯೂಟರಲ್ಲಿ ಹೊರದೇಶದ ಡಾಕ್ಟ್ರುಗಳಿಗೆ ಕೇಳಿದ್ವಲ್ಲ, ಅದಕ್ಕೆ 'ಉತ್ತರ ಬಂತಾ ಇಂದುಧರ' ಅಂತ ಕೇಳೋಕೆ ಬಂದ್ರಿ. ಬಂದಿಲ್ಲ ಮೇಷ್ಟ್ರೇ. ಇವತ್ತೂ ಬಂದಿಲ್ಲ... ಅಯ್ಯೋ, ಏಳ್ಬೇಡಿ! ಏನಂದ್ರಿ? 'ಪ್ರಪಂಚದ ಅಷ್ಟೂ ಡಾಕ್ಟ್ರುಗಳು ಸುಮ್ಮನಿದ್ದಾರೆ ಅಂದ್ರೆ ಬೇರೆ ದಾರಿ ಇಲ್ಲ ಅಂತಾನೇ ಅರ್ಥ, ನಾಳೆ ಗೌತಮೀನ ಕರ್ಕೊಂಡು ಹೋಗಿ ಆಪರೇಷನ್ನಿಗೆ ಸೈನ್ ಹಾಕ್ಬಿಡ್ತೀನಿ' ಅಂತಲಾ? ಬೇಡ, ಬೇಡ, ಬೇಡ! ಹಂಗೆಲ್ಲ ಅರ್ಥ ಮಾಡ್ಕೋಬೇಡಿ. ಕಾಲು ಮೇಷ್ಟ್ರೇ, ನಿಮ್ಮ ಮಗಳ ಕಾಲು! ಕತ್ತರಿಸಿದ ಮೇಲೆ, ಗಡ್ಡೆ ಅಷ್ಟೇ ತೆಗೆದು ಕಾಲು ಉಳಿಸಬಹುದಿತ್ತಲ್ರೀ ಅಂತ ಯಾರೋ ಒಬ್ಬರು ಬರೆದ್ರೆ... ಆಗ ನಾನು... ಅಲ್ಲ, ಆಗ ನೀವೇನ್ ಮಾಡ್ತೀರಾ?

ಹೂಂ, ಕಾಯೋ ಹಾಗೂ ಇಲ್ಲ. ತಡ ಮಾಡಿದಷ್ಟೂ ಮೇಲಕ್ಕೆ ಹರಡುತ್ತೆ ಅಂತ ಡಾಕ್ಟ್ರು ಅಂದಿದ್ದು ನೀವೇ ಹೇಳಿದ್ರಲ್ಲ, ಮರೆತಿಲ್ಲ ನಾನು. ಮರೆಯೋಕಾಗುತ್ತಾ? ಮೊನ್ನೆ ಸಂತೇಲಿ ನಿಮ್ಮ ತಾಯಿ ಲಕ್ಕಮ್ಮನೋರು ಸಿಕ್ಕಿದ್ರು. 'ನಿನ್ ಮಿಷನ್ನು ಏನಂತಪ್ಪ ನಮ್ಮ ಕೂಸಿನ ವಿಚಾರ' ಅಂತ ಕೈ ಹಿಡ್ಕೊಂಡ್ರು. ಕೆಲಸ ಇದೆ ಅಜ್ಜಿ ಅಂತ ಕೈ ಬಿಡಿಸ್ಕೊಂಡು ಬಂದೆ. ಅನ್ನ ಸೇರ್ಲಿಲ್ಲ ಅವತ್ತು.

ನಿಮ್ಮ ಪ್ರಶ್ನೆನಾ? ಹೋಯ್ತಲ್ಲ! ಅವತ್ತೇ ಹೇಳಿದ್ನಲ್ಲ. ನಿಮ್ಮೆದುರಿಗೇ ಬಟನ್ ಒತ್ತಿದ್ದು... ಅನುಮಾನ ಯಾಕೆ? ನೋಡಿ, ಹೆಂಗೆ ಅಂದ್ರೆ, ನಾವು ಇಲ್ಲಿ ಬರೆದದ್ದು ಒಂದೊಂದೇ ಹೋಗಲ್ಲ. ಎಲ್ಲಾನೂ ಸೇರಿಸಿ ಕಂಪ್ಯೂಟರ್ರು ಒಂದು ಗಂಟು ಕಟ್ಟುತ್ತೆ. ಬ್ಯಾಚು ಅಂತೀವಿ. ಅದನ್ನ ಹಿಂಡಿ ಸಣ್ಣದು ಮಾಡಿ ಸಂಜೆ ಫೋನ್ ಲೈನಲ್ಲಿ ಬೆಂಗಳೂರಿನ ಕಂಪ್ಯೂಟರಿಗೆ ದಾಟಿಸುತ್ತೆ. ಅವರು ಬಿಚ್ಚಿ, ಮುಂದಿನೋರಿಗೆ. ಅವರು ಇನ್ನೂ ಮುಂದಕ್ಕೆ. ಹಂಗೇ ಪ್ರಪಂಚವೆಲ್ಲ ಓದುತ್ತೆ. ಅವರು ಬರೆದದ್ದೂ ಗಂಟು ಗಂಟಾಗೇ ನಮ್ಗೆ ಬರುತ್ತೆ. ನೋಡಿ ಇಲ್ಲಿ, ನಿನ್ನೆ ಒಂದು ಸಂಜೆಗೆ ಇಷ್ಟು ಬಂದಿದೆ! ಕ್ರಿಕೆಟ್ಟು, ಅಡುಗೆ, ಅಮೆರಿಕದೋರ ಜಗಳ... ಬರೋದಕ್ಕೇನೂ ಬರ ಇಲ್ಲ ನಮ್ಮಲ್ಲಿ.

ಕಳಿಸೋದೇ ಕಷ್ಟ, ನಮ್ಮ ಗಂಟು ತುಂಬೋದೇ ಇಲ್ಲ. ಅರಸೀಕೆರೇಲಿ ಓದೋರೆಲ್ಲ ಬರ್ತಾರೆ, ಬರೆಯೋರು ಯಾರ್ರೀ? ಸ್ಟೇಷನ್ನಿನ ಸಾವಿತ್ರಮ್ಮನ ಮಗ ಒಂದು ಬರೆದ, ಕೃಷ್ಣಪ್ಪ ಲಾಯರ್ರು ಒಂದು ಬರೆದ್ರು. ನಾನೂ ಬೆಳಗ್ಗಿಂದ ಕುಟ್ಟಿದ್ದೇ ಕುಟ್ಟಿದ್ದು. ಒಂದೇ ಥರದ್ದು ಹಾಕಿದ್ರೆ ಬೆಂಗಳೂರಿನೋರು ಕಸ ಅಂತ ಎಸೀತಾರೆ, ಅದಕ್ಕೇ ನಿಮ್ಮಂಥೋರು ಬೇಕು. ಹಾಂ, ಹಂಗೆ! ಬರೀರಿ, ಬರೀರಿ. ಬಸ್ಸಿನ ವಿಷಯಾನೇ ಆಗ್ಲಿ. ಸ್ವಲ್ಪ ಉದ್ದಕ್ಕೆ ಬರೀರಿ.

ಯಾಕೆ ತುಂಬಬೇಕು ಅಂದ್ರಾ? ಅದು... ನಮ್ಮ ಏಕಾಂತಯ್ಯ ಮಾವನ ಕಥೆ ಬಿಡಿ. ಈ ಕಂಪ್ಯೂಟರ್ ಸೆಂಟರ್ ಅವರದ್ದೇ, ಗೊತ್ತಲ್ಲ. ಜೀವಮಾನವೆಲ್ಲ ಕೊಬ್ಬರಿ ಮಂಡಿ ನಡೆಸಿದೋರು. ಇದನ್ನೆಲ್ಲ ಕೂರಿಸೋಕೆ ಬೆಂಗಳೂರಿಂದ ಶಶಿಕಿರಣ್ ಅನ್ನೋನು ಬಂದಿದ್ದ. ಎದುರಿಗೆ ಕೂತು ಹೇಳಿದ್ರು ಮಾವ: 'ನೋಡಪ್ಪ, ಲೋಡ್ ಆಗ್ದೆ ಲಾರಿ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ಎರಡು ಮೂಟೆ ಹಾಕ್ಕೊಂಡು ತಿಪಟೂರಿಗೆ ಯಾವನಾದ್ರೂ ಹೋಯ್ತಾನಾ? ಗಂಟು ತುಂಬ್ಲಿ, ಆಮೇಲೆ ಹೋಗ್ಲಿ.' ಅವನು ನಗ್ತಾ ನಗ್ತಾ ಹಂಗೇ ಕೂರಿಸ್ದ. ಅದನ್ನ ಬದಲಾಯಿಸೋ ಪಾಸ್‌ವರ್ಡ್ ಕೂಡ ಅವನ ಹತ್ರಾನೇ. ಫೋನ್ ಮಾಡ್ತಾನೇ ಇದೀನಿ, ರಿಂಗ್ ಆಗುತ್ತೆ, ಆಗುತ್ತೆ, ಎತ್ತೋರಿಲ್ಲ. ಇವತ್ತು ಸಂಜೆಯೊಳಗೆ ಅದೊಂದು ಲೋಡು ಆಗ್ಬಿಟ್ರೆ ಸಾಕು, ನಿಮ್ದೂ ಅದರ ಜೊತೆ...

ಯಾಕೆ ಪೆನ್ನು ಇಟ್ರಿ?

ಬರೀರಿ ಮೇಷ್ಟ್ರೇ. ಇನ್ನೊಂದೆರಡು ಸಾಕು... ನಿಮ್ದೂ ಅಂದ್ರೆ, ಈಗ ಬರೆದದ್ದು ಅಂತ... ಈ ಬಸ್ಸಿಂದು... ಮೇಷ್ಟ್ರೇ? ಹಂಗೆ ನೋಡ್ಬೇಡಿ. ಏನಾದ್ರೂ ಅನ್ನಿ. ಲೋಫರ್ ಅನ್ನಿ, ಕತ್ತಿನ ಪಟ್ಟಿ ಹಿಡೀರಿ...

ಹೌದು. ಹೋಗಿಲ್ಲ.

ಇವತ್ತು ಗೊತ್ತಾಗಿದ್ದು... ಇಲ್ಲ. ಇವತ್ತಲ್ಲ. 'ಆಪರೇಷನ್ನಿಗೆ ಮೊದಲು ಕೊಟ್ಟಿದ್ದ ಡೇಟು ಮುಂದಕ್ಕೆ ಹಾಕಿಸ್ಬಿಟ್ಟೆ ಕಣಪ್ಪ, ನಿನ್ನ ಉತ್ತರ ನೋಡ್ಕೊಂಡೇ ಹೋಗ್ತೀನಿ' ಅಂತ ನೀವು ಬಂದು ಹೇಳಿದ್ರಲ್ಲ, ಆಗಲೇ ಗೊತ್ತಿತ್ತು ನಂಗೆ. ಟೀ ತರಿಸಿದೆ ನಿಮಗೆ. ಹೇಳ್ಲಿಲ್ಲ. ನಾಳೆ ತುಂಬುತ್ತೆ, ನಾಳಿದ್ದು ತುಂಬುತ್ತೆ, ಹೋದ್ಮೇಲೆ ಯಾರಿಗೆ ಗೊತ್ತಾಗುತ್ತೆ ಅಂತ... ಥೂ! ಯಾವ ಡಾಕ್ಟ್ರೂ ನಿಮ್ಮನ್ನ ಬೇಡ ಅಂದಿಲ್ಲ ಮೇಷ್ಟ್ರೇ. ಯಾರಿಗೂ ಗೊತ್ತೇ ಇಲ್ಲ ಗೌತಮಿ ವಿಚಾರ. ಇಡೀ ಪ್ರಪಂಚದಲ್ಲಿ ನಿಮ್ಮ ಪ್ರಶ್ನೆ ಓದಿರೋನು ನಾನೊಬ್ಬನೇ.