ಆ ಸಭೆ ಬೇರೆ, ಈ ಸಭೆ ಬೇರೆ

ಆ ನಿಲುವಂಗಿ ಆಮೇಲೆ ಮಡಚು, ಮೊದಲು ಕೂತ್ಕೋ! ಜಗಳಕ್ಕೆ ಬಂದಿಲ್ಲ ನಾನು... ಹೊರಗೆ ಜನರ ಮುಂದೆ ನಿನ್ನನ್ನು ಫಾದರ್ ಅಂತೀನಿ, ಬಗ್ಗಿ ನಮಸ್ಕಾರಾನೂ ಮಾಡ್ತೀನಿ. ಈ ಕೋಣೇಲಿ ನೀನು ನನ್ನ ತಮ್ಮ. ಮೂಗು ಒರೆಸಿ ಬೆಳೆಸಿದವಳು ನಾನು.

ನಗರಸಭೇಲಿ ಕೈ ಎತ್ತಿದೆ. ಹೌದು, ಎತ್ತಿದೆ! ಚರ್ಚಿನ ಸಭಾಂಗಣ ಖಾಲಿ ಮಾಡಿಸಿ ಅಂತ. ಕೊಳೆಗೇರಿ ಒಡೆದಾಗ ಬೀದಿಗೆ ಬಿದ್ದ ನಲವತ್ತು ಜನಕ್ಕೆ ನೀನು ಬಾಗಿಲು ತೆಗೆದೆ. ಪುಣ್ಯ ಕಟ್ಕೊಂಡೆ. ನನ್ನ ಪಾಡು? ಮಾರನೇ ದಿನವೇ ಅಧ್ಯಕ್ಷರು, "ಮೇಡಂ ಅವರ ತಮ್ಮನ ಚರ್ಚಲ್ವಾ, ಮೇಡಂ ಬಾಯಿ ಬಿಡಲ್ಲ ಬಿಡಿ" ಅಂದರು. ಎಲ್ಲರೂ ನಕ್ಕರು ಕಣೋ. ನನಗೆ ಓಟು ಹಾಕಿದವರಲ್ಲಿ ನಮ್ಮವರೆಷ್ಟು? ಬೆರಳೆಣಿಕೆ! ಆ ಸಭೆ ಬೇರೆ, ಈ ಸಭೆ ಬೇರೆ. ಅದು ನಗರಸಭೆ, ಇದು ನಮ್ಮ ಧರ್ಮಸಭೆ. ಅಲ್ಲಿ ಕೂತಾಗ ಕೊರಳಿನ ಶಿಲುಬೆ ಸೆರಗಿನೊಳಗೇ ಇರಬೇಕು. ಇಲ್ಲದಿದ್ರೆ ಚರ್ಚಿನವಳು ಅಂತ ಮೂಲೆಗೆ ಕೂರಿಸ್ತಾರೆ.

ಏನು ಹಾಗೆ ನೋಡ್ತೀಯ? ನಿನ್ನ ಸಭಾಂಗಣದಲ್ಲಿದ್ದ ಆ ಮುದುಕ ದರ್ಜಿ ತಾನೆ? ಹೊರಗೆ ಹಾಕಿದ ಮೂರನೇ ದಿನ, ಬಸ್ ನಿಲ್ದಾಣದ ಬೆಂಚಿನ ಮೇಲೆ... ಗೊತ್ತು. ಮಣ್ಣಿಗೆ ನಾನೂ ಹೋಗಿದ್ದೆ. ಹಿಂದೆ ನಿಂತಿದ್ದೆ. ಅವನ ಮಗಳು ಕೈ ಹಿಡ್ಕೊಂಡು, "ನೀವಾದ್ರೂ ಬಂದ್ರಲ್ಲ ಅಕ್ಕಾ" ಅಂದಳು. ಅಯ್ಯೋ... ಬೇಡ ಬಿಡು.

ನಾನೇನು ಮಾಡಲಿ? ಸಭಾಂಗಣದ ಮೇಲೆ ದೂರು ಬಂತು. ಬಂದ ಮೇಲೆ ಕಾನೂನು. ಬೆಂಕಿ ಬಿದ್ದರೆ ಓಡೋಕೆ ಇನ್ನೊಂದು ಬಾಗಿಲಿಲ್ಲ ಅಂತ ಬರೆದಿದ್ರು. ಸುಳ್ಳೇನಲ್ಲವಲ್ಲ! ಹೆಸರಿಲ್ಲದ ದೂರು. ಯಾರೋ ಹೊಟ್ಟೆಕಿಚ್ಚಿನವರು... ಎದುರಿನ ಅಂಗಡಿಯವನೇ ಇರಬಹುದು. ನಿನಗೇನನ್ಸುತ್ತೆ?

ಹೇಳೋ.

ಊರೆಲ್ಲ ಕೇಳಿದ್ದು ಅದೊಂದೇ. ಯಾರು ಬರೆದರು, ಯಾರು ಬರೆದರು... ನೀನೊಬ್ಬ ಕೇಳಲೇ ಇಲ್ಲ. ಮೂರು ವಾರ! ಒಂದು ಸಲವೂ...

ತಮ್ಮಾ?

...ಯಾವಾಗಿಂದ ಗೊತ್ತು ನಿನಗೆ?

ಅವರು ನಕ್ಕರು ಕಣೋ ಆವತ್ತು. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕೂತು ಬರೆದೆ. ಆ ಜನರನ್ನ ಎಲ್ಲೋ ಶಾಲೇಲಿ ಇಡ್ತಾರೆ ಅಂದ್ಕೊಂಡೆ. ಬೀದಿಗೇ ಬಿಡ್ತಾರೆ ಅಂತ... ಒಬ್ಬ ಸಾಯ್ತಾನೆ ಅಂತ... ಬೈಯೋ! ಒಂದು ಮಾತು ಬೈದುಬಿಡು!

ಗೊತ್ತಿದ್ದೂ... ಇವತ್ತು ಬೆಳಿಗ್ಗೆ ಪೂಜೇಲಿ, ಸಾಲಲ್ಲಿ ಬಂದ ನನ್ನ ಕೈಗೆ, ಪಾಪ ಒಪ್ಪಿಕೊಳ್ಳದವರು ಮುಟ್ಟಬಾರದ ಪರಮಪ್ರಸಾದ ಇಟ್ಟೆಯಲ್ಲೋ. ಎಲ್ಲರಿಗೂ ಇಟ್ಟ ಹಾಗೇ. ಆ ದರ್ಜಿಯ ಮಗಳು ಹಿಂದಿನ ಬೆಂಚಲ್ಲಿ ಕೂತು ನೋಡ್ತಿದ್ದಳು.